ಎಡಗಡೆಯ ನೀರು

13 ಸೆಪ್ಟೆಂಬರ್ 2024, ಶುಕ್ರವಾರ

ಶಿರಸಿಯ ಆಸ್ಪತ್ರೆಯಿಂದ ಹೊರಡುವಾಗ ನರ್ಸಮ್ಮ ಹೇಳಿದ್ದು ಇಷ್ಟೇ: ಒಂದು ವಾರ ಎಷ್ಟು ನೀರು ಕುಡಿದಿರಿ, ಎಷ್ಟು ಸಲ ಬಚ್ಚಲಿಗೆ ಹೋದಿರಿ ಎಂದು ಬರೆದಿಟ್ಟುಕೊಳ್ಳಿ. ಬರೆಯುವುದನ್ನು ನನಗೆ ಹೇಳಿಕೊಡಬೇಕೆ? ಯಲ್ಲಾಪುರದ ಹೆದ್ದಾರಿಯ ಬದಿಗೆ ಹದಿನೇಳು ವರ್ಷದಿಂದ ವೇಬ್ರಿಡ್ಜ್ ನಡೆಸುವವಳು ನಾನು. ಲಾರಿಯ ಭರ್ತಿ ತೂಕ, ಖಾಲಿ ತೂಕ, ಎರಡರ ನಡುವೆ ಉಳಿದದ್ದು ಮಾಲು. ಇದಕ್ಕಿಂತ ದೊಡ್ಡ ವೇದಾಂತವನ್ನು ನನಗೆ ಯಾರೂ ಕಲಿಸಿಲ್ಲ.

ತೂಕದ ಚೀಟಿಯ ಹಳೆಯ ಪುಸ್ತಕವೊಂದರ ಹಿಂಬದಿ ಖಾಲಿ ಇತ್ತು, ಅದರಲ್ಲೇ ಶುರು ಮಾಡಿದ್ದೇನೆ. 'ಎಷ್ಟು ಸಲ' ಎಂಬುದು ಲೆಕ್ಕವಲ್ಲ, 'ಎಷ್ಟು' ಎಂಬುದು ಲೆಕ್ಕ. ಹಾಗಾಗಿ ಅಡುಗೆಮನೆಯ ಅಳತೆಯ ಜಗ್ಗನ್ನು ಬಚ್ಚಲಿಗೆ ವರ್ಗ ಮಾಡಿದೆ. ಅದು ಇನ್ನು ನಿವೃತ್ತಿಯವರೆಗೂ ಅಲ್ಲಿಯೇ.

ಸೋಮವಾರ ಗರ್ಭಕೋಶ ತೆಗೆದರು. ಹೊಟ್ಟೆ ಕೊಯ್ಯಲಿಲ್ಲ, ನಾಲ್ಕು ತೂತು, ಒಂದರಲ್ಲಿ ಕ್ಯಾಮೆರಾ. ಐದು ವರ್ಷದಿಂದ ತಿಂಗಳಿಗೆ ಹನ್ನೆರಡು ದಿನ ರಕ್ತ ಹರಿಸಿದ ಗಡ್ಡೆಗಳನ್ನು ಡಾಕ್ಟರ್ ತನುಜಾ ತಟ್ಟೆಯಲ್ಲಿಟ್ಟು ಇವರಿಗೆ ತೋರಿಸಿದರಂತೆ. ಇವರು ಎಂದರೆ ನನ್ನ ಗಂಡ ಮಧುಕೇಶ್ವರ. ಎಷ್ಟಿತ್ತು ಎಂದು ಕೇಳಿದೆ. ತೆಂಗಿನಕಾಯಿಯಷ್ಟು ಎಂದರು. ಸುಲಿದದ್ದೋ ಸುಲಿಯದ್ದೋ ಎಂದರೆ ಎರಡೂ ಕೈ ಅಗಲಿಸಿ ತೋರಿಸಿದರು. ಇಪ್ಪತ್ತು ವರ್ಷ ಲಾರಿ ಓಡಿಸಿದ ಮನುಷ್ಯ, ಹಾರ್ನಿನಿಂದಾಚೆ ಮಾತು ಕಲಿಯಲಿಲ್ಲ. ಮಾತಿನ ವಿಭಾಗ ಮನೆಯಲ್ಲಿ ನನ್ನದು.

ಒಳಗೆ 1,400 ಮಿಲಿ. ಹೊರಗೆ 1,050. ಉಳಿದದ್ದು ಬೆವರು, ಉಸಿರು ಎನ್ನೋಣ.

15 ಸೆಪ್ಟೆಂಬರ್, ಭಾನುವಾರ

ಬನವಾಸಿಯಿಂದ ಇವರ ಅಕ್ಕ ದೇವಕ್ಕ ಬಂದಿಳಿದರು. ಬರುವಾಗಲೇ ಏಳು ಮೊಳದ ಹಳೆಯ ಸೀರೆ, ಬೆಳ್ಳುಳ್ಳಿ, ಕಾಳುಮೆಣಸು, ಐವತ್ತು ಬಾಣಂತನಗಳ ಅನುಭವ ಎಲ್ಲ ಒಂದೇ ಚೀಲದಲ್ಲಿ. ನಾನು ಹಡೆದಿಲ್ಲ ಎಂದು ನೆನಪಿಸಿದೆ.

"ಹಡದವ್ರಿಗೂ ಇದ ಪಥ್ಯ, ಗರ್ಭಚೀಲ ತಗಸಿದವ್ರಿಗೂ ಇದ ಪಥ್ಯ. ಮೂರು ಲೋಟದ ಮ್ಯಾಲ ನೀರು ಕುಡದ್ರ ಹೊಟ್ಟಿ ಜೋತು ಬೀಳ್ತೈತಿ, ಸುಮ್ಕಿರು," ಎಂದರು.

ಹೊಟ್ಟೆಗೆ ಸೀರೆ ಬಿಗಿದು ಕಟ್ಟಿದರು. ನೀರು ಕುಡಿಯಿರಿ ಎಂದು ಆಸ್ಪತ್ರೆಯವರು ಹೇಳಿದ್ದಾರೆಂದು ವಾದಿಸಬಹುದಿತ್ತು. ಅರಣ್ಯದ ಗುತ್ತಿಗೆದಾರರನ್ನೇ ಮಾತಿನಲ್ಲಿ ಕಟ್ಟಿಹಾಕಿದವಳು ನಾನು. ಆದರೆ ದೇವಕ್ಕನ ಮುಂದೆ ಗೆದ್ದವರಿಲ್ಲ. ಇವರು ಮಾತು ಬಿಟ್ಟದ್ದೂ ಬಹುಶಃ ಅದೇ ಮನೆಯಲ್ಲಿ ಬೆಳೆದದ್ದರಿಂದ.

ಹೊಟ್ಟೆ ಸ್ವಲ್ಪ ಉಬ್ಬಿದೆ. ಆಪರೇಶನ್ನಿನಲ್ಲಿ ಹೊಟ್ಟೆಗೆ ಗಾಳಿ ತುಂಬಿಸಿರುತ್ತಾರಂತೆ, ಅದೇ ಇರಬೇಕು. ಎಲ್ಲರೂ ಗಾಳಿ ಗಾಳಿ ಎನ್ನುತ್ತಿದ್ದಾರೆ.

ಮಧ್ಯಾಹ್ನ ಮಂಪರು. ಕನಸಿನಲ್ಲಿ ಬೇಡ್ತಿ ಹೊಳೆ ನನ್ನ ವೇಬ್ರಿಡ್ಜ್ ಮೇಲೆ ಬಂದು ನಿಂತಿತ್ತು. ನಂಬರಿಲ್ಲ, ಡ್ರೈವರನಿಲ್ಲ. ಇನ್ನೂ ಮುಂದೆ ಬಾ, ಹಿಂದಿನ ಗಾಲಿ ಹೊರಗಿದೆ ಎಂದು ನಾನು ಕೈಬೀಸುತ್ತಿದ್ದೆ. ಅದು ಬರುತ್ತಲೇ ಇತ್ತು, ಹಿಂದಿನ ಗಾಲಿ ಬರಲೇ ಇಲ್ಲ.

ಒಳಗೆ 650. ಹೊರಗೆ 400.

17 ಸೆಪ್ಟೆಂಬರ್, ಮಂಗಳವಾರ

ಇದನ್ನು ಬರೆಯಬೇಕೋ ಬೇಡವೋ. ಪುಸ್ತಕ ನನ್ನದೇ, ಬರೆಯುತ್ತೇನೆ.

ನಿನ್ನೆಯಿಂದ ಸೀರೆ ಒದ್ದೆಯಾಗುತ್ತಿದೆ. ಬಚ್ಚಲಿಗೆ ಹೋಗಿ ಬಂದ ಮೇಲೂ, ಸುಮ್ಮನೆ ಮಲಗಿದಾಗಲೂ. ರಕ್ತವಲ್ಲ. ತಿಳಿ ನೀರಿನ ಹಾಗೆ. ಊರೆಲ್ಲ ಮಾತಾಡುವ ಬಾಯಿಗೆ ಈ ಒಂದು ವಾಕ್ಯ ಬರಲಿಲ್ಲ. ಒಗೆದ ಬಟ್ಟೆಗಳ ಅಡಿಯಲ್ಲಿ ನನ್ನ ಲಂಗಗಳನ್ನು ಹರವಿ, ಮೇಲೆ ಚಾದರ ಹಾಕಿದೆ. ಐವತ್ತರ ಹತ್ತಿರ ಬಂದವಳು ಹಾಸಿಗೆ ಒದ್ದೆ ಮಾಡಿಕೊಂಡಳೆಂದು ದೇವಕ್ಕ ಬನವಾಸಿಯ ತನಕ ಸಾಗಿಸಿಯಾರು.

ಉಪಾಯ ನಾನೇ ಕಂಡುಕೊಂಡೆ. ಮೂರು ಲೋಟವನ್ನು ಎರಡಕ್ಕೆ ಇಳಿಸಿದೆ. ಸೋರುವುದು ಕಡಿಮೆಯಾಯಿತು. ದೇವಕ್ಕನಿಗೆ ನನ್ನ ಪಥ್ಯನಿಷ್ಠೆ ನೋಡಿ ಬಹಳ ಖುಷಿ.

ಒಳಗೆ 400. ಹೊರಗೆ 210, ಅಳೆಯಲಾಗದ್ದು ಬೇರೆ.

18 ಸೆಪ್ಟೆಂಬರ್, ಬುಧವಾರ

ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ಹೆದ್ದಾರಿಯಲ್ಲಿ ಲಾರಿಗಳಿಲ್ಲ, ಬರೀ ದೀಪಗಳು ತೇಲಿಹೋಗುತ್ತಿದ್ದವು. ಮೈ ಬಿಸಿ. ಎದ್ದು ವೇಬ್ರಿಡ್ಜಿನ ಕೋಣೆಗೆ ನಡೆದೆ. ಅಲ್ಲಿ ಚೀಲ ತೂಗುವ ಸಣ್ಣ ತಕ್ಕಡಿಯಿದೆ. ಐವತ್ತು ಗ್ರಾಂ ಹೆಚ್ಚುಕಡಿಮೆಯನ್ನೂ ಹೇಳುತ್ತದೆ, ಇಲಾಖೆಯ ಮುದ್ರೆಯೂ ಇದೆ. ಆಪರೇಶನ್ನಿಗೆ ಹೋಗುವ ಮುಂಚೆ ಅದರ ಮೇಲೆ ನಿಂತಿದ್ದೆ: 61.400. ಈಗ ನಿಂತೆ.

64.250.

ಇಳಿದು, ಸೊನ್ನೆಗೆ ತಂದು, ಮತ್ತೆ ಹತ್ತಿದೆ. 64.250.

ಒಳಗಿನಿಂದ ಆರುನೂರ ನಲವತ್ತು ಗ್ರಾಂ ತೆಗೆದಿದ್ದಾರೆ ಎಂದು ಆಸ್ಪತ್ರೆಯ ಕಾಗದವೇ ಹೇಳುತ್ತದೆ. ಒಂಬತ್ತು ದಿನದಿಂದ ನಾನು ಉಂಡದ್ದು ಗಂಜಿ, ಮೆಣಸಿನ ಸಾರು. ಕುಡಿದದ್ದು ಬೆಕ್ಕು ಕುಡಿಯುವಷ್ಟು. ಮಾಲು ಇಳಿಸಿ ಬಂದ ಲಾರಿ ಭರ್ತಿಗಿಂತ ಹೆಚ್ಚು ತೂಗಿದರೆ ನಾನು ಏನು ಮಾಡುತ್ತೇನೆ? ಡ್ರೈವರನನ್ನು ಕೆಳಗಿಳಿಸಿ, ಟಾರ್ಪಾಲ್ ಎತ್ತಿಸುತ್ತೇನೆ.

ಎಲ್ಲರೂ ಗಾಳಿ ಎಂದರು. ಗಾಳಿ ಮೂರು ಕಿಲೋ ತೂಗುವುದಿಲ್ಲ.

ಅಲ್ಲೇ ಕುರ್ಚಿಯ ಮೇಲೆ ಕೂತು ಡಾಕ್ಟರ್ ತನುಜಾಗೆ ಫೋನ್ ಮಾಡಿದೆ. ಮೊದಲು ತೂಕ ಹೇಳಿದೆ. ಆಮೇಲೆ ಜ್ವರ. ಕೊನೆಗೆ ಒದ್ದೆಯ ವಿಷಯ. ಯಾವಾಗಿನಿಂದ ಎಂದು ಕೇಳಿದರು. ಆಮೇಲೆ, ಈಗಲೇ ಹೊರಡಿ, ಹೊಟ್ಟೆಯ ಕಟ್ಟು ಬಿಚ್ಚಿಬಿಡಿ ಎಂದರು.

19 ಸೆಪ್ಟೆಂಬರ್, ಗುರುವಾರ. ಶಿರಸಿ

ಸ್ಕ್ಯಾನಿಂಗಿನಲ್ಲಿ ಹೊಟ್ಟೆಯ ತುಂಬ ನೀರು. ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು. ಎರಡು ಗಂಟೆಯಲ್ಲಿ ಉತ್ತರ: ಅದು ಮೂತ್ರ. ಎಡ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಎಲ್ಲೋ ತೂತಾಗಿ, ಅಲ್ಲಿಂದ ಹೊಟ್ಟೆಯೊಳಗೂ, ಕೆಳಗಿನ ಹೊಲಿಗೆಯ ಸಂದಿಯಿಂದ ಹೊರಗೂ ಸೋರುತ್ತಿದೆ.

ಡಾಕ್ಟರ್ ತನುಜಾ ಸಿದ್ದಾಪುರದ ಕಡೆ ನಿಲ್ಕುಂದದವರು. ತಮ್ಮ ಮನೆತನದಲ್ಲಿ ಅವರೇ ಮೊದಲ ಡಾಕ್ಟರ್ ಎಂದು ಕೇಳಿದ್ದೆ. ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ದೇವಕ್ಕನೂ ಇವರೂ ಅಲ್ಲೇ ಇದ್ದರು. ಅವರು ಹೊರಗೆ ಹೋಗಲಿ ಎಂದು ಡಾಕ್ಟರು ಹೇಳಲಿಲ್ಲ.

"ಮಹೇಶ್ವರಿಯವ್ರೆ, ಇದು ನನ್ನ ಕೈಯಿಂದ ಆಗಿದ್ದು. ಆ ನಾಳ ಗರ್ಭಕೋಶದ ರಕ್ತನಾಳದ ಅಡಿಗೇ ಹಾದು ಹೋಗ್ತದೆ. ರಕ್ತ ನಿಲ್ಸೋಕೆ ಕರೆಂಟಿನಿಂದ ಸುಡ್ತೇವೆ, ಆ ಬಿಸಿ ತಾಗಿದೆ. ಆ ದಿನ ನೋಡಿದ್ರೆ ಸರಿಯಾಗೇ ಇತ್ತು. ಸುಟ್ಟ ಜಾಗ ವಾರ ಕಳೆದ್ಮೇಲೆ ಬಿಟ್ಕೊಂಡಿದೆ."

ನಾನು ಏನಾದರೂ ಹೇಳುತ್ತೇನೆಂದು ಎಲ್ಲರೂ ಕಾದರು. ನಾನೂ ಕಾದೆ. ಹದಿನೇಳು ವರ್ಷದಲ್ಲಿ ಎಷ್ಟೋ ಜನರ ತಪ್ಪು ಹಿಡಿದಿದ್ದೇನೆ. ತಕ್ಕಡಿಯ ಮೇಲೆ ನಿಲ್ಲಿಸಿದ ಮೇಲೂ ಹೌದು ಎಂದವರಿಲ್ಲ. ಡಾಕ್ಟರು ನಾನು ಕೇಳುವ ಮುಂಚೆಯೇ ಹೇಳಿಬಿಟ್ಟರು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದೋ ತಿಳಿಯಲಿಲ್ಲ. ಸಿಟ್ಟು ಮಾತ್ರ ಬಂತು. ಗೋಡೆಯ ಕಡೆ ತಿರುಗಿ ಮಲಗಿದೆ.

ನೀರಿನ ಪಥ್ಯ ಯಾರು ಹೇಳಿದ್ದೆಂದು ಡಾಕ್ಟರು ಕೇಳಿದಾಗ ದೇವಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನೇ ಎಂದೆ. ಅರ್ಧ ನಿಜವೇ.

ನಾಳೆ ಹುಬ್ಬಳ್ಳಿಗೆ. ಆಂಬುಲೆನ್ಸಿನಲ್ಲಿ ಡಾಕ್ಟರ್ ತನುಜಾ ತಾವೂ ಬರುತ್ತಾರಂತೆ. ಬರಲಿ.

24 ಸೆಪ್ಟೆಂಬರ್, ಮಂಗಳವಾರ. ಹುಬ್ಬಳ್ಳಿ

ಕೈ ಇಂದು ಬರೆಯುವಷ್ಟು ಗಟ್ಟಿಯಾಗಿದೆ.

ಇಲ್ಲಿಯ ಮೂತ್ರರೋಗದ ಡಾಕ್ಟರ್ ವೈಭವ. ವಯಸ್ಸು ಚಿಕ್ಕದು, ಮಾತು ಅದಕ್ಕಿಂತ ಚಿಕ್ಕದು. ನರಕ್ಕೆ ಬಣ್ಣದ ಔಷಧಿ ಬಿಟ್ಟು ಚಿತ್ರ ತೆಗೆದರು. ಬಲಗಡೆಯ ಗೆರೆ ಕಿಡ್ನಿಯಿಂದ ಕೆಳಗಿನ ತನಕ ನೆಟ್ಟಗೆ ಇಳಿದಿದೆ. ಎಡಗಡೆಯದು ಮೂತ್ರಕೋಶಕ್ಕೆ ಮೂರು ಬೆರಳು ಇರುವಾಗ ಮೋಡವಾಗಿಬಿಟ್ಟಿದೆ. ಕೆಳಗಿನಿಂದ ತಂತಿ ತೂರಿಸಿ ಒಳಗೆ ಸಣ್ಣ ನಳಿಗೆ ಇಡಲು ನೋಡಿದರು. ತಂತಿ ಮೇಲೆ ಹತ್ತಲಿಲ್ಲ. ಹಾಗಾಗಿ ಬೆನ್ನಿನಿಂದ ನೇರ ಕಿಡ್ನಿಗೇ ಒಂದು ಕೊಳವೆ, ಅದರ ತುದಿಗೆ ಒಂದು ಚೀಲ. ಹೊಟ್ಟೆಯ ನೀರನ್ನೂ ಹೊರಗೆ ತೆಗೆದರು.

ಎಂಟು ವಾರ ಹೀಗೆಯೇ. ಒಳಗಿನ ಕೆಂಪು, ಬಾವು ಆರಬೇಕು, ಆಮೇಲೆ ನಾಳವನ್ನು ಸುಟ್ಟ ಜಾಗದ ಮೇಲೆ ಕತ್ತರಿಸಿ ಮೂತ್ರಕೋಶಕ್ಕೆ ಹೊಸದಾಗಿ ಹೊಲಿಯಬೇಕು. ಎಡ ಕಿಡ್ನಿ ಉಳಿಯುತ್ತದೆಯೇ ಎಂದು ಕೇಳಿದೆ. ಉಳಿಯಲಿ ಅಂತಲೇ ಕೊಳವೆ ಹಾಕಿದ್ದೇವೆ ಎಂದರು. ಇದು ಉತ್ತರವಲ್ಲ. ಇನ್ನೊಮ್ಮೆ ಕೇಳಿದೆ. ದಿನ ಕಳೆದಂತೆ ಗೊತ್ತಾಗುತ್ತದೆ, ಸೋಂಕು ಹತ್ತಿದರೆ ಅಥವಾ ಹೊಲಿಗೆ ಮುಚ್ಚಿಕೊಂಡರೆ ತೆಗೆಯಬೇಕಾದೀತು ಎಂದರು. ಇದು ಉತ್ತರ.

ಜ್ವರ ಇಳಿಯುವ ಹೊತ್ತಿಗೆ ಹಗಲೇ ಕನಸು. ನಾನು ವೇಬ್ರಿಡ್ಜಿನ ಮೇಲೆ ಅಂಗಾತ ಮಲಗಿದ್ದೆ. ಒಳಗೆ ಪರದೆಯ ಮುಂದೆ ಕೂತವಳೂ ನಾನೇ. ಪರದೆ ಸೊನ್ನೆ ತೋರಿಸುತ್ತಿತ್ತು. ಯಂತ್ರ ಕೆಟ್ಟಿದೆ ಎಂದು ಕೂತವಳು ಹೇಳಿದಳು. ಇಲ್ಲ, ಸರಿಯಾಗಿದೆ ಎಂದು ಮಲಗಿದವಳು ಹೇಳಿದಳು. ತಲೆಯ ಮೇಲೆ ಹತ್ತಿಯಂಥ ಮೋಡಗಳು ಸಾಲಾಗಿ, ಸರದಿಗಾಗಿ ನಿಂತಿದ್ದವು.

ಬೆನ್ನಿನ ಚೀಲ 820. ಸಹಜ ದಾರಿಯಲ್ಲಿ 940. ಒಳಗೆ 2,500. ಹೊಂದುತ್ತದೆ.

28 ಸೆಪ್ಟೆಂಬರ್, ಶನಿವಾರ

ಮನೆ. ಚೀಲ 780. ದಾರಿ 1,010. ಒದ್ದೆಯಿಲ್ಲ.

6 ಅಕ್ಟೋಬರ್, ಭಾನುವಾರ

ವೇಬ್ರಿಡ್ಜಿಗೆ ಹೋಗಿ ಕೂರುತ್ತಿದ್ದೇನೆ. ಚೀಲವನ್ನು ಸೆರಗಿನ ಅಡಿಯಲ್ಲಿ, ಬಟ್ಟೆಯ ಕೈಚೀಲದೊಳಗೆ ಇಟ್ಟುಕೊಳ್ಳುತ್ತೇನೆ. ಡ್ರೈವರರು ಅದರಲ್ಲಿ ಏನೋ ಗುಟ್ಟು ಇದೆಯೆಂದು ತಿಳಿದು ಮೊದಲಿಗಿಂತ ಹೆಚ್ಚು ಮರ್ಯಾದೆ ಕೊಡುತ್ತಾರೆ. ಗುಟ್ಟು ಬೆಚ್ಚಗಿರುತ್ತದೆ ಎಂದು ಅವರಿಗೇನು ಗೊತ್ತು.

ನನ್ನ ಅಣ್ಣ ಚಂದ್ರಶೇಖರಪ್ಪ ಬಂದಿದ್ದ. ಪೂರ್ವ ಶಿರಸಿಯಲ್ಲಿ ನಾಲ್ಕು ಸಂಘಗಳಿಗೆ ಅಧ್ಯಕ್ಷ, ಐದನೆಯದು ಹುಡುಕುತ್ತಿದ್ದಾನೆ. ಜೀಪಿನಲ್ಲಿ ಜನ ತುಂಬಿಕೊಂಡು ಹೋಗಿ ಆಸ್ಪತ್ರೆಯ ಮುಂದೆ ಕೂರುವುದು, ಆ ಡಾಕ್ಟರಮ್ಮ ಮುಂದೆಂದೂ ಕತ್ತರಿ ಹಿಡಿಯದ ಹಾಗೆ ಮಾಡುವುದು ಅವನ ಯೋಜನೆ.

"ಮಾತಾಡಾಕಿ ನೀನ, ತಂಗಿ. ನಾವು ಬರೇ ಹಿಂದ ನಿಂದ್ರತೀವಿ. ನಿನ್ನ ಬಾಯಿ ಮುಂದ ಆಕಿ ಒಂದು ತಾಸು ತಡ್ಯಾಂಗಿಲ್ಲ."

ಹೊಗಳಿಕೆ ಹಿತವಾಗಿತ್ತು. ಸುಮ್ಮನೆ ಬಾಯಿ ಸಾಕಾಗದು, ಕಾಗದ ಬೇಕು ಎಂದೆ. ಆಪರೇಶನ್ನಿನ ವಿಡಿಯೋ ಇರುತ್ತದೆಂದು ಅವನಿಗೆ ಯಾರೋ ಹೇಳಿದ್ದಾರೆ. ಅದನ್ನು ಕೇಳುತ್ತೇನೆ. ಕೊಡದಿದ್ದರೆ ಅದೇ ಸಾಕ್ಷಿ.

ಚೀಲ 700. ದಾರಿ 1,150. ಎಡಗಡೆ ಇಳಿಯುತ್ತಿದೆಯೇ? ನಾಳೆ ಹೆಚ್ಚು ಕುಡಿದು ನೋಡಬೇಕು.

17 ಅಕ್ಟೋಬರ್, ಗುರುವಾರ

ಶಿರಸಿಗೆ ಹೋದೆ. ಜಗಳಕ್ಕೆ ಮಾತುಗಳನ್ನು ಮಂಚಿಕೇರಿಯ ತನಕ ಹೊಂದಿಸಿಟ್ಟುಕೊಂಡಿದ್ದೆ. ವಿಡಿಯೋ ಬೇಕು ಎಂದೆ. ಡಾಕ್ಟರ್ ತನುಜಾ ಮೇಜಿನ ಖಾನೆಯಿಂದ ಪೆನ್‌ಡ್ರೈವ್ ತೆಗೆದು ಮುಂದಿಟ್ಟರು. ನೀವು ಕೇಳುತ್ತೀರಿ ಎಂದು ತೆಗೆದಿಟ್ಟಿದ್ದೆ ಎಂದರು. ಅಷ್ಟೂ ಮಾತು ವ್ಯರ್ಥ.

ಹೊರಡಲು ಎದ್ದಾಗ, ಒಬ್ಬರೇ ನೋಡಿದರೆ ಏನೂ ತಿಳಿಯುವುದಿಲ್ಲ, ಬೇಕಾದರೆ ತೋರಿಸುತ್ತೇನೆ ಎಂದರು. ಕೂತೆ.

ನನ್ನ ಒಳಗನ್ನು ನಾನು ನೋಡಿದೆ. ಏನೋ ಕಪ್ಪು, ಗಲೀಜು ಎಂದುಕೊಂಡಿದ್ದೆ. ಹಾಗಿರಲಿಲ್ಲ. ಬೆಳಗಾಗುವ ಹೊತ್ತಿನ ಬಣ್ಣ. ಎಲ್ಲವೂ ಒದ್ದೆಯಾಗಿ ಹೊಳೆಯುತ್ತಿತ್ತು, ಮಡಿಕೆ ಮಡಿಕೆಯಾಗಿ, ತಿಳಿ ಹಳದಿ, ಗುಲಾಬಿ. ಕ್ಯಾಮೆರಾ ನಿಧಾನ ಸಾಗಿದ ಹಾಗೆ ಯಾವುದೋ ಊರಿಗೆ ಮೊದಲ ಬಸ್ಸಿನಲ್ಲಿ ಹೋಗಿ ಇಳಿದಂತಿತ್ತು. ನಲವತ್ತೆಂಟು ವರ್ಷ ಈ ಊರನ್ನು ಹೊತ್ತು ತಿರುಗಿದ್ದೇನೆ, ಒಮ್ಮೆಯೂ ಬಂದಿರಲಿಲ್ಲ.

"ಇದು ನಿಮ್ಮ ನಾಳ. ಹೊರಳೋದು ಕಾಣ್ತದಾ?" ಎಂದು ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು.

ತೆಳ್ಳಗಿನ ಪೊರೆಯ ಹಿಂದೆ ಬಿಳಿಯ ಎರೆಹುಳ. ಸುಮ್ಮನಿರುತ್ತದೆ. ಆಮೇಲೆ ಮೇಲಿನಿಂದ ಕೆಳಗೆ ಒಂದು ಅಲೆ ಸಾಗುತ್ತದೆ. ಮತ್ತೆ ಸುಮ್ಮನೆ. ಒಂದೊಂದು ಅಲೆಗೂ ಕೆಲವೇ ಹನಿ ನೀರಂತೆ. ನಾನು ಮಂಪರಿನಲ್ಲಿ ಬಿದ್ದಿದ್ದಾಗ, ಹೊಟ್ಟೆಯಲ್ಲಿ ಮೂರು ಸಲಾಕೆ ಆಡುತ್ತಿದ್ದಾಗ, ಅದು ತನ್ನ ಪಾಡಿಗೆ ನೀರು ಹೊರುತ್ತಿತ್ತು.

ಮೂವತ್ತೊಂದನೆಯ ನಿಮಿಷ. ಎಲ್ಲಿಂದಲೋ ರಕ್ತ ಉಕ್ಕಿ ಪರದೆ ಕೆಂಪಾಯಿತು. ಸಲಾಕೆಯೊಂದು ಬಂದು ಕಚ್ಚಿ ಹಿಡಿಯಿತು. ಹೊಗೆ ಎದ್ದಿತು. ಮಂಜಿನ ಹಾಗೆ ನಿಧಾನ ತುಂಬಿ ಎಲ್ಲವನ್ನೂ ಮುಚ್ಚಿತು. ಡಾಕ್ಟರು ಅಲ್ಲಿಯೇ ನಿಲ್ಲಿಸಿದರು.

"ಇಲ್ಲಿ ನಾಲ್ಕು ಸೆಕೆಂಡು ಹೆಚ್ಚು ಹಿಡಿದಿದ್ದೇನೆ. ಬಿಡ್ಬೇಕಿತ್ತು. ರಕ್ತ ನಿಲ್ಲಲಿ ಅಂತ ಹಿಡ್ದೆ."

ಅಂದಿನಿಂದ ಅವರು ಇಂಥ ಆಪರೇಶನ್ ಮಾಡಿಲ್ಲವಂತೆ. ಬಂದವರನ್ನೆಲ್ಲ ಹುಬ್ಬಳ್ಳಿಗೆ ಕಳಿಸುತ್ತಿದ್ದಾರೆ. ಇದನ್ನು ಅವರು ಹೇಳಲಿಲ್ಲ, ಹೊರಗೆ ನರ್ಸಮ್ಮ ಹೇಳಿದಳು. ಒಳ್ಳೆಯದೇ ಆಯಿತು ಎಂದೆ. ಎಂದೆನೇ? ಎನ್ನಬೇಕೆಂದು ಇದ್ದೆ.

ಚೀಲ 760. ದಾರಿ 1,100.

31 ಅಕ್ಟೋಬರ್, ಗುರುವಾರ

ದೀಪಾವಳಿ. ಲಾರಿಗಳು ಕಡಿಮೆ. ಅಣ್ಣ ಫೋನ್ ಮಾಡಿ ವಿಡಿಯೋ ಸಿಕ್ಕಿತೇ ಎಂದು ಕೇಳಿದ. ಸಿಕ್ಕಿತು ಎಂದೆ. ಹಬ್ಬ ಮುಗಿಸಿ ಬರುತ್ತಾನಂತೆ.

ಮಧ್ಯಾಹ್ನ ವೇಬ್ರಿಡ್ಜಿನ ಕಂಪ್ಯೂಟರಿನಲ್ಲಿ ಮತ್ತೆ ಹಾಕಿಕೊಂಡೆ. ಎಷ್ಟನೆಯ ಸಲವೋ. ಮೂವತ್ತೊಂದರ ತನಕ ನೋಡುವುದಿಲ್ಲ; ಆ ಬಿಳಿಯ ಹುಳ ಹೊರಳುವ ಜಾಗ ಬಂದರೆ ಅಲ್ಲಿಯೇ ಹಿಂದೆ ಮುಂದೆ ಮಾಡುತ್ತ ಕೂರುತ್ತೇನೆ. ಹಾಗೆ ನೋಡುತ್ತ ನೋಡುತ್ತ ಚೀಲದೊಳಗೆ ಹನಿ ಬೀಳುವುದೂ ಅದೇ ತಾಳಕ್ಕೆ ಎಂದು ಅನಿಸಿ ಕಣ್ಣು ಮುಚ್ಚಿಹೋಯಿತು.

ಎಚ್ಚರವಾದಾಗ ಇವರು ಬಂದು ಹಿಂದೆ ನಿಂತಿದ್ದರು. ವಿಡಿಯೋ ಮುಂದೆ ಓಡಿ ಪರದೆಯಲ್ಲಿ ಹೊಗೆ ತುಂಬಿತ್ತು. ಇದೇ ಜಾಗವೇ ಎಂದು ಕೇಳಿದರು. ಹೂಂ ಎಂದೆ. ಹಿಂದೆ ಸರಿಸಿ ಇನ್ನೊಮ್ಮೆ ನೋಡಿದರು.

"ಅರಬೈಲ್ ಘಟ್ಟದಾಗ ಒಮ್ಮೆ ಬ್ರೇಕ್ ಹಿಡದ ಹಿಡದ ಲೈನರ್ ಸುಟ್ಟಿದ್ದೆ," ಎಂದರು. "ಬಿಡಬೇಕು ಅಂತ ಗೊತ್ತಿತ್ತು. ಹೊಗಿ ವಾಸನಿನೂ ಬರಾಕತ್ತಿತ್ತು. ಬಿಟ್ರ ಲಾರಿ ಓಡ್ತೈತಿ ಅಂತ ಕಾಲ ಏಳಲಿಲ್ಲ."

ಆಮೇಲೆ ಏನಾಯಿತು ಎಂದೆ. ಒಬ್ಬನಿಗೆ ಪೆಟ್ಟಾಯಿತು ಎಂದರು. ಎಷ್ಟು, ಯಾರಿಗೆ, ಯಾವ ವರ್ಷ ಎಂದು ಕೇಳಬಹುದಿತ್ತು. ಇಷ್ಟು ಮಾತು ಅವರು ಒಟ್ಟಿಗೆ ಆಡಿದ್ದು ಮದುವೆಯಾದ ಮೇಲೆ ಎರಡನೆಯ ಸಲವೋ ಮೂರನೆಯ ಸಲವೋ. ಇನ್ನೊಂದು ಕುರ್ಚಿಯ ಮೇಲಿದ್ದ ಚೀಟಿ ಪುಸ್ತಕಗಳನ್ನು ಎತ್ತಿಟ್ಟೆ. ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. ಹೊರಗೆ ಖಾಲಿ ಹೆದ್ದಾರಿಯ ಮೇಲೆ ಬಿಸಿಲು ಉದ್ದಕ್ಕೆ ಮಲಗಿತ್ತು. ಇಬ್ಬರೂ ಮೊದಲಿನಿಂದ ನೋಡಿದೆವು.

ಚೀಲ 7

(ಇವರು ಚಹಾ ತಂದರು. ಬರೆಯುವುದು ಉಳಿಯಿತು.)

9 ನವೆಂಬರ್, ಶನಿವಾರ

ಅಣ್ಣ ಬಂದ. ಜೀಪಿನಲ್ಲಿ ಇನ್ನೂ ನಾಲ್ಕು ಜನ. ಪೆನ್‌ಡ್ರೈವ್ ಕೊಡು ಎಂದ. ಇಲ್ಲಿಲ್ಲ ಎಂದೆ. ಎಲ್ಲಿದೆ ಎಂದ. ಹುಬ್ಬಳ್ಳಿಗೆ ಕಳಿಸಿದೆ, ಡಾಕ್ಟರ್ ವೈಭವರ ಹತ್ತಿರ ಇದೆ ಎಂದೆ. ಹೊಲಿಯುವವರಿಗೆ ಸುಟ್ಟ ಜಾಗ ಕಾಣಲಿ ಎಂದು ಮೊನ್ನೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದ್ದೆ.

ಅಣ್ಣ ಬಹಳ ಹೊತ್ತು ಕೂಗಾಡಿದ. ಕಿಡ್ನಿ ಹೋದ ಮೇಲೆ ಅಳಲು ಬರಬೇಡ ಎಂದ. ಜೀಪಿನವರ ಮುಂದೆ ಮರ್ಯಾದೆ ಹೋಯಿತು ಎಂದ. ಕೊನೆಗೆ ಬಾಗಿಲಲ್ಲಿ ನಿಂತು, "ನಿನ್ನ ಬಾಯಿ ಎಲ್ಲಿ ಹೋತ?" ಎಂದು ಕೇಳಿದ. ದೇವಕ್ಕ ಒಳಗಿನಿಂದ ಬಂದು ಐದೂ ಜನರಿಗೆ ದೊಡ್ಡ ಲೋಟದಲ್ಲಿ ನೀರು ಕೊಟ್ಟರು. ನನಗೂ ಒಂದು, ಎಲ್ಲಕ್ಕಿಂತ ದೊಡ್ಡದು.

ಅವರು ಹೋದ ಮೇಲೆ ಡಾಕ್ಟರ್ ತನುಜಾಗೆ ಫೋನ್ ಮಾಡಿದೆ. ಇಪ್ಪತ್ತೊಂದಕ್ಕೆ ದಿನ ನಿಗದಿಯಾಗಿದೆ, ಮತ್ತೆ ತೂತಿನ ಆಪರೇಶನ್ನೇ ಅಂತೆ ಎಂದೆ. ಗೊತ್ತು, ವೈಭವ ಹೇಳಿದ್ದಾರೆ ಎಂದರು. ಒಳ್ಳೆಯವರು, ಹೆದರಬೇಡಿ ಎಂದರು.

"ನೀವೂ ಒಳಗ ಬರ್ರಿ," ಎಂದೆ. "ಜಾಗ ನಿಮಗ ಗೊತ್ತೈತಿ."

ಅವರ ಕಡೆ ಯಾವುದೋ ಕೂಸು ಅಳುತ್ತಿತ್ತು, ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಫೋನ್ ಕಟ್ಟಾಯಿತೇ ಎಂದು ನೋಡಿದೆ. ಕಟ್ಟಾಗಿರಲಿಲ್ಲ.

"ಬರ್ತೇನೆ," ಎಂದರು.

24 ನವೆಂಬರ್, ಭಾನುವಾರ. ಹುಬ್ಬಳ್ಳಿ

ಮಲಗಿಸಿ ಒಳಗೆ ಒಯ್ದಾಗ ಎಲ್ಲರೂ ಮುಖ ಮುಚ್ಚಿಕೊಂಡಿದ್ದರು. ಎತ್ತರ ನೋಡಿ ಡಾಕ್ಟರ್ ತನುಜಾರನ್ನು ಗುರುತು ಹಿಡಿದೆ. ನನ್ನ ಹೆಗಲಿನ ಹತ್ತಿರ ಬಂದು ಕೈಯಿಟ್ಟರು. ಕೈ ತಣ್ಣಗಿತ್ತು. ನಡುಗುತ್ತಿದೆಯೇ ಎಂದು ನೋಡಲು ಹೋದೆ, ಅಷ್ಟರಲ್ಲಿ ದೀಪಗಳು ಮೆಲ್ಲಗೆ ದೂರ ತೇಲಿದವು. ಮಂಜಿನ ಹೆದ್ದಾರಿ. ಯಾರೋ ಬಲಕ್ಕೆ, ಸ್ವಲ್ಪ ಬಲಕ್ಕೆ ಎನ್ನುತ್ತಿದ್ದರು. ನಾನು ಹೇಳುತ್ತಿರಲಿಲ್ಲ, ನಾನು ಸಾಗುತ್ತಿದ್ದೆ.

ಮೂರೂವರೆ ತಾಸು ಹಿಡಿಯಿತಂತೆ. ಹೊಲಿದವರು ವೈಭವ. ಕ್ಯಾಮೆರಾ ಹಿಡಿದವರು ತನುಜಾ. ಕ್ಯಾಮೆರಾ ಒಂದು ಸಲವೂ ಅಲುಗಲಿಲ್ಲ ಎಂದು ವೈಭವ ಇವರಿಗೆ ಹೇಳಿದರಂತೆ. ಇವರು ನನಗೆ ಹೇಳಿದರು. ಆಮೇಲೆ ಕೇಳದಿದ್ದರೂ ಇನ್ನೂ ಏನೇನೋ ಹೇಳಿದರು: ಹೊರಗೆ ಕೂತಿದ್ದಾಗ ದೇವಕ್ಕ ಮೂರು ಬಾಟಲಿ ನೀರು ಕುಡಿದದ್ದು, ಅಣ್ಣ ಫೋನ್ ಮಾಡಿ ಏನೂ ಮಾತಾಡದೆ ಇಟ್ಟದ್ದು, ತನುಜಾ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಇವರ ಫ್ಲಾಸ್ಕಿನ ಚಹಾ ಕುಡಿದದ್ದು. ಕೇಳುತ್ತ ನಿದ್ದೆ ಹೋದೆ.

ಒಳಗೆ ಸಣ್ಣ ನಳಿಗೆ ಇಟ್ಟಿದ್ದಾರೆ. ಬೆನ್ನಿನ ಕೊಳವೆ ನಾಳೆ ತೆಗೆಯುತ್ತಾರೆ.

2 ಜನವರಿ 2025, ಗುರುವಾರ

ಒಳಗಿನ ನಳಿಗೆ ತೆಗೆದರು. ಎಡ ಕಿಡ್ನಿ ಎಷ್ಟು ಉಳಿದಿದೆ ಎಂದು ತಿಳಿಯಲು ಆರು ವಾರದ ಮೇಲೆ ಒಂದು ಪರೀಕ್ಷೆ. ಅಲ್ಲಿಯ ತನಕ ಏನೂ ಮಾಡುವಂತಿಲ್ಲ.

ವೇಬ್ರಿಡ್ಜಿನ ಹಿಂದೆ ಹತ್ತಿಯ ಮರವಿದೆ ಎಂದು ಇವತ್ತು ನೋಡಿದೆ. ಯಾವಾಗಿನಿಂದ ಇದೆ ಎಂದು ಕೇಳಿದರೆ ಇವರು ನಗುತ್ತಾರೆ.

14 ಫೆಬ್ರವರಿ, ಶುಕ್ರವಾರ

ನಿನ್ನೆ ಹುಬ್ಬಳ್ಳಿಯಲ್ಲಿ ಪರೀಕ್ಷೆ. ಚುಚ್ಚುಮದ್ದು ಕೊಟ್ಟು, ದೊಡ್ಡ ಯಂತ್ರದ ಅಡಿಯಲ್ಲಿ ಅರ್ಧ ತಾಸು ಅಲುಗದೆ ಮಲಗಿಸಿದರು. ನೂರು ಪಾಲು ಕೆಲಸದಲ್ಲಿ ಯಾವ ಕಿಡ್ನಿ ಎಷ್ಟು ಮಾಡುತ್ತದೆ ಎಂದು ಅದು ಹೇಳುತ್ತದಂತೆ. ಬಲ ಅರವತ್ತೆರಡು. ಎಡ ಮೂವತ್ತೆಂಟು. ಎಲ್ಲೂ ಕಟ್ಟಿಕೊಂಡಿಲ್ಲ, ಕಿಡ್ನಿ ತೆಗೆಯುವ ಮಾತು ಇನ್ನಿಲ್ಲ ಎಂದರು ವೈಭವ.

ಇಂದು ಕಾಗದ ಹಿಡಿದುಕೊಂಡು ಶಿರಸಿಗೆ ಹೋದೆವು. ಯಾರೂ ಹೋಗು ಎಂದಿರಲಿಲ್ಲ. ಡಾಕ್ಟರ್ ತನುಜಾ ಅದನ್ನು ಬಹಳ ಹೊತ್ತು ಓದಿದರು. ಓದಲು ಅದರಲ್ಲಿ ನಾಲ್ಕೇ ಸಾಲು.

"ಐವತ್ತಕ್ಕೆ ಐವತ್ತು ಇದ್ದಿರ್ಬೇಕು ಮೊದ್ಲು. ಹನ್ನೆರಡು ವಾಪಸ್ ತರೋಕೆ ಆಗ್ಲಿಲ್ಲ," ಎಂದರು.

ಇವರು ನನ್ನ ಮುಖ ನೋಡಿದರು. ಹದಿನೇಳು ವರ್ಷದಲ್ಲಿ ಅರ್ಧ ಚೀಲ ಕಡಿಮೆ ಬಂದರೂ ನಾನು ಲಾರಿ ಬಿಟ್ಟವಳಲ್ಲ, ಅದಕ್ಕಿರಬೇಕು.

"ಹರಿಯಾಕತ್ತೈತಿ ಅಲ್ರೀ, ಅಷ್ಟ ಸಾಕು," ಎಂದೆ. "ನೀವು ಮತ್ತ ಯಾವಾಗ ಶುರು ಮಾಡ್ತೀರಿ?"

ಮತ್ತಿಘಟ್ಟದ ಒಬ್ಬ ಹೆಂಗಸಿಗೆ ಸೋಮವಾರ ಎಂದರು. ವೈಭವ ಬಂದು ಜೊತೆಗೆ ನಿಲ್ಲುತ್ತಾರಂತೆ. ಆಮೇಲೆ ಕಾಗದ ಮಡಚುತ್ತ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, "ಈಗ ಮೊದ್ಲು ನಾಳ ಹುಡುಕ್ತೇನೆ. ಎರಡೂ ಬದಿ. ಅದು ಹೊರಳಿದ್ದು ಕಂಡ ಮೇಲೇ ಮುಂದಿನ ಕೆಲಸ," ಎಂದರು.

ಬರುವಾಗ ಇವರು ವ್ಯಾನ್ ನಿಧಾನ ಓಡಿಸಿದರು. ಮಂಚಿಕೇರಿ ದಾಟಿದ ಮೇಲೆ ಕಾಡು. ನಿಲ್ಲಿಸಿ ಎಂದೆ. ಏಕೆ ಎಂದು ಕೇಳದೆ ಬದಿಗೆ ನಿಲ್ಲಿಸಿ, ಇಳಿದು, ರಸ್ತೆಯ ಕಡೆ ಮುಖ ಮಾಡಿ ನಿಂತರು. ನಾನು ಮತ್ತಿಯ ಮರಗಳ ಹಿಂದೆ ಹೋಗಿ ಕುಳಿತೆ. ಒಣಗಿದ ಎಲೆಗಳ ಮೇಲೆ ನೀರು ಬೀಳುವ ಸದ್ದು ಮೊದಲು ಜೋರಾಗಿ, ಆಮೇಲೆ ಮೆತ್ತಗೆ ಬಂತು. ಬೆಚ್ಚಗಿನ ಮಣ್ಣಿನ ವಾಸನೆ ಎದ್ದಿತು. ಎಲೆಗಳ ನಡುವೆ ಒಂದು ಸಣ್ಣ ದಾರಿ ಮಾಡಿಕೊಂಡು, ಇರುವೆಯ ಸಾಲನ್ನು ಬಳಸಿ, ಬೇರಿನ ಪಕ್ಕದಿಂದ ಇಳಿಜಾರಿನ ಕಡೆ ಹೊರಟಿತು. ಅದು ನೆಲದೊಳಗೆ ಇಂಗುವ ತನಕ ಅಲ್ಲೇ ಕುಳಿತಿದ್ದೆ. ಮೇಲೆ ಎಲ್ಲೋ ಒಂದು ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯುತ್ತ ದಾಟಿಹೋಯಿತು.

"ಆತೇನ?" ಎಂದು ಇವರು ರಸ್ತೆಯಿಂದ ಕೇಳಿದರು.

"ಆತು," ಎಂದೆ.